ಅಳತೆಪಟ್ಟಿ ಅರಸಿ ಸೊಲ್ಲಾಪುರ, ಅಕ್ಕಲಕೋಟೆಗೆ

ಸೊಲ್ಲಾಪುರಕ್ಕೆ ಹೋಗಿ ಬಂದವರನ್ನು ‘ಏನು ತಂದಿರಿ?’ ಎಂದು ಕೇಳಿದರೆ ‘ಚಾದರ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇಲ್ಲವಾದರೆ ಟವೆಲ್, ಅದೂ ಇಲ್ಲವಾದರೆ ಶೇಂಗಾ ಚಟ್ನಿ. ಈ ಸಲ ನಾವು ಅಲ್ಲಿಂದ ತಂದದ್ದು ಒಂದು ಅಳತೆಪಟ್ಟಿ. ಎರಡು ಅಡಿ ಉದ್ದ, ಅರ್ಧ ಅಡಿ ಅಗಲ, ಗಾಜಿನಂತೆ ಪಾರದರ್ಶಕ. ಅದನ್ನು ಕಂಡ ಬೀಗರು ನಕ್ಕರು. ಜವಳಿ ವ್ಯಾಪಾರದಲ್ಲಿ ಮೂರು ತಲೆಮಾರು ಕಳೆದ ಮನೆಯವರು ಅಳತೆಪಟ್ಟಿ ತರಲು ನೂರು ಕಿಲೋಮೀಟರು ಹೋಗಿ ಬರುವುದೆಂದರೆ ನಗಬೇಕಾದ ಸಂಗತಿಯೇ. ಆದರೆ ಆ ಪ್ರವಾಸದಿಂದ ನಾವು ಕಲಿತದ್ದು ನಗೆಯ ವಿಷಯವಾಗಿ ಉಳಿಯಲಿಲ್ಲ. ನಮ್ಮಂತೆಯೇ ಅಂಗಡಿ ಇಟ್ಟುಕೊಂಡ ಬಂಧುಗಳು ಬಹಳ ಮಂದಿ ಈ ಪತ್ರಿಕೆಯನ್ನು ಓದುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇವೆ.

ನಮ್ಮದು ವಿಜಯಪುರ ಜಿಲ್ಲೆಯ ಒಂದು ತಾಲೂಕು ಊರು. ನಮ್ಮಲ್ಲಿ ಒಬ್ಬರು ಅಂಗಡಿಯನ್ನೂ ಒಬ್ಬರು ಮನೆಯನ್ನೂ ನೋಡಿಕೊಂಡು ನಾಲ್ಕು ದಶಕಗಳಾದವು. ಅವ್ವ ತೀರಿಕೊಂಡ ಮೇಲೆ ಅವಳ ಪೆಟ್ಟಿಗೆಯಲ್ಲಿ ಹನ್ನೊಂದು ಹತ್ತಿಯ ಸೀರೆಗಳು ಉಳಿದಿದ್ದವು. ರೇಷ್ಮೆಯನ್ನು ಅವಳು ಜೀವಮಾನದಲ್ಲಿ ಉಟ್ಟವಳಲ್ಲ. ಹುಳುಗಳ ಪ್ರಾಣದ ಬೆಲೆಯ ಬಟ್ಟೆ ಮೈಮೇಲೆ ಬೇಡ ಎನ್ನುವವಳು. ಮಗಳಿಗೆ ಮೊದಲ ಕೂಸು ಹುಟ್ಟುವ ದಿನ ಹತ್ತಿರವಾದಾಗ, ಆ ಸೀರೆಗಳಿಂದ ಒಂದು ಕೌದಿ ಹೊಲಿದು ಕೊಡೋಣ, ಮುತ್ತಜ್ಜಿಯ ಬೆಚ್ಚಗೆ ಕೂಸಿಗೆ ಮುಟ್ಟಲಿ ಎಂದು ಯೋಚಿಸಿದೆವು.

ಹಳೆಯ ರೀತಿಯ ಕೌದಿ ಬೇಡ, ಈಗಿನ ಹುಡುಗಿಯರು ಹೊಲಿಯುವಂತೆ ಸಮ ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿ ಮಾಡೋಣ ಎಂದು ಮಗಳ ಆಸೆ. ಹೊಲಿದ ಮೇಲೆ ನಾಲ್ಕು ಇಂಚು ಉಳಿಯಬೇಕಾದ ಚೌಕ, ಸಾಲಿಗೆ ಹದಿನಾರು, ಸುತ್ತಲೂ ಕೆಂಪು ಅಂಚುಪಟ್ಟಿ. ಮನೆಯಲ್ಲಿ ಟೇಪು ಹಿಡಿದು ಚೌಕಗಳನ್ನು ಕತ್ತರಿಸಿದ್ದಾಯಿತು. ಅಂಚುಪಟ್ಟಿಯ ಅರಿವೆಯನ್ನು ಅಂಗಡಿಯಲ್ಲಿ ಮೀಟರ್ ಕೋಲು ಹಾಕಿ ಕತ್ತರಿಸಿ ತಂದದ್ದಾಯಿತು. ಕೂಡಿಸಲು ಕುಳಿತಾಗ ಚೌಕಗಳ ಸಾಲು ಅಂಚುಪಟ್ಟಿಗಿಂತ 16 ಮಿಲಿಮೀಟರು ಹೆಚ್ಚು ಬಂತು. ಅರ್ಧ ಇಂಚಿಗೂ ಮಿಕ್ಕಿದ ಅಂತರ. ಎಳೆದು ಹೊಲಿದರೆ ಅಂಚು ನಿರಿಗೆಗಟ್ಟಿತು. ಬಿಚ್ಚಿ ಮತ್ತೆ ಹೊಲಿದರೂ ಅದೇ ಗತಿ. ಅವ್ವನ ಸೀರೆ ಇನ್ನೊಮ್ಮೆ ಸಿಗುವಂಥದಲ್ಲ. ಮತ್ತೆ ಕತ್ತರಿ ಹಾಕಲು ಕೈ ನಡುಗಿತು. ‘ನಿನ್ನ ಹೊಲಿಗೆ ಸೊಟ್ಟ’, ‘ನಿಮ್ಮ ಕತ್ತರಿ ಸೊಟ್ಟ’ ಎಂದು ಒಬ್ಬರನ್ನೊಬ್ಬರು ಒಂದು ವಾರ ದೂರಿದ್ದಾಯಿತು. ಕೊನೆಗೆ ಆ ತುಂಡುಗಳನ್ನೂ ಟೇಪನ್ನೂ ಚೀಲಕ್ಕೆ ಹಾಕಿಕೊಂಡು ಸೊಲ್ಲಾಪುರಕ್ಕೆ ಹೊರಟೆವು. ಬಟ್ಟೆಯ ವಿಷಯದಲ್ಲಿ ನಮ್ಮ ಸೀಮೆಗೆ ಸೊಲ್ಲಾಪುರವೇ ಗುರುಮನೆ.

ಭೀಮೆಯ ಆಚೆ

ವಿಜಯಪುರದಿಂದ ಸೊಲ್ಲಾಪುರಕ್ಕೆ ಸುಮಾರು ನೂರು ಕಿಲೋಮೀಟರು. ಝಳಕಿ ದಾಟಿ ಧೂಳಖೇಡದ ಹತ್ತಿರ ಭೀಮಾ ನದಿಯ ಸೇತುವೆ ಬರುತ್ತದೆ. ಅಲ್ಲಿಗೆ ಕರ್ನಾಟಕ ಮುಗಿಯಿತು. ಮುಗಿಯಿತು ಎನ್ನುವುದು ರಸ್ತೆಯ ಫಲಕದ ಮಾತು. ಕಿವಿಗೆ ಹಾಗನ್ನಿಸುವುದಿಲ್ಲ. ಆಚೆ ದಡದಲ್ಲಿ ಇಳಿದು ಚಹದ ಅಂಗಡಿಯಲ್ಲಿ ನೀರು ಕೇಳಿದರೆ ಕನ್ನಡದಲ್ಲೇ ಉತ್ತರ. ಸೊಲ್ಲಾಪುರ ಪೇಟೆಯಲ್ಲಿ ಒಂದು ಅಂಗಡಿಯವರು ಮರಾಠಿ, ಪಕ್ಕದವರು ಕನ್ನಡ, ಎದುರಿನ ನೇಕಾರರು ತೆಲುಗು, ಅವರ ಆಚೆ ಉರ್ದು. ಲೆಕ್ಕ ಕೇಳುವಾಗ ಮಾತ್ರ ಎಲ್ಲರಿಗೂ ಎಲ್ಲ ಭಾಷೆಯೂ ಬರುತ್ತದೆ.

ಊರು ಸೇರಿದಾಗ ಬೆಳಗಿನ ಎಂಟು ಗಂಟೆ. ಬಸದಿಯಲ್ಲಿ ದರ್ಶನ ಮುಗಿಸಿ, ಡಬ್ಬಿಯ ಬುತ್ತಿ ಬಿಚ್ಚಿ ಉಂಡು ಪೇಟೆಗೆ ನಡೆದೆವು. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರ ಊರು ಇದು. ಅವರ ಹೆಸರಿನ ಕೆರೆ ಇಂದಿಗೂ ಊರ ನಡುವೆ ತಂಪಾಗಿ ನಿಂತಿದೆ. ಸಂಕ್ರಾಂತಿಯಲ್ಲಿ ನಂದಿಧ್ವಜಗಳ ಮೆರವಣಿಗೆ ನೋಡಲು ಗಡಿಯ ಈಚೆಯಿಂದಲೂ ಜನ ಹೋಗುತ್ತಾರೆ. ನಮ್ಮ ಸಮಾಜಕ್ಕೂ ಇದು ಹೆಮ್ಮೆಯ ಊರು. ಹಡಗು, ವಿಮಾನ, ಮೋಟಾರು ಮೂರನ್ನೂ ಈ ದೇಶದಲ್ಲಿಯೇ ಕಟ್ಟಲು ಹೊರಟ ವಾಲ್ಚಂದ್ ಹೀರಾಚಂದರು 1882ರಲ್ಲಿ ಹುಟ್ಟಿದ್ದು ಇಲ್ಲಿಯ ಒಂದು ದಿಗಂಬರ ಜೈನ ವ್ಯಾಪಾರಿ ಮನೆಯಲ್ಲಿ.

ಬಟ್ಟೆಯ ದೊಡ್ಡ ಗಿರಣಿ ಇಲ್ಲಿ ಸುರುವಾದದ್ದು 1870ರ ದಶಕದಲ್ಲಿ. ಜನ ಅದನ್ನು ‘ಜುನಿ ಗಿರಣಿ’ ಎಂದೇ ಕರೆಯುತ್ತಿದ್ದರು. ಗಿರಣಿಯ ಭೋಂಗಾ ಕೂಗಿದಾಗ ಊರೇ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ದೊಡ್ಡ ಗಿರಣಿಗಳೆಲ್ಲ ಮುಚ್ಚಿ ಬಹಳ ವರ್ಷಗಳಾದವು. ಆದರೆ ಮಗ್ಗ ನಿಲ್ಲಲಿಲ್ಲ. ತೆಲುಗು ಸೀಮೆಯಿಂದ ಬಂದು ನೆಲೆಸಿದ ಪದ್ಮಶಾಲಿ ನೇಕಾರರು ಪೂರ್ವಭಾಗದ ಪೇಟೆಗಳಲ್ಲಿಯೂ ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿಯೂ ಜಕಾರ್ಡ್ ಮಗ್ಗದ ಚಾದರವನ್ನು, ಟವೆಲನ್ನು ಉಳಿಸಿಕೊಂಡರು. ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಇತ್ತೀಚಿನ ವರ್ಷಗಳಲ್ಲಿ ಊರಿಗೆ ಮತ್ತೊಂದು ಹೆಸರು ಬಂದಿದೆ, ಅದು ಶಾಲಾ ಸಮವಸ್ತ್ರ. ಇಲ್ಲಿ ಹೊಲಿದ ಸಮವಸ್ತ್ರಗಳು ಅನೇಕ ರಾಜ್ಯಗಳ ಮಕ್ಕಳ ಮೈಮೇಲಿವೆ. ಸಮವಸ್ತ್ರ ಕತ್ತರಿಸಿ ಉಳಿದ ಚಿಂದಿ ಮೂಟೆಗಟ್ಟಿ ತೂಕದ ಮೇಲೆ ಮಾರಾಟವಾಗುತ್ತದೆ. ಸುತ್ತಲಿನ ಹಳ್ಳಿಯ ಹೆಂಗಸರು ಅದನ್ನು ಕೊಂಡು ಕೌದಿ ಹೊಲಿಯುತ್ತಾರೆ.

ಕತ್ತರಿಯ ಮೇಜಿನ ಎದುರು

ಚಾಟಿ ಗಲ್ಲಿಯಲ್ಲಿ ನಮಗೆ ಹಳೆಯ ವ್ಯವಹಾರದ ಪರಿಚಯ. ಅಲ್ಲಿಯವರು ನಮ್ಮ ಕಥೆ ಕೇಳಿ, ಸಮವಸ್ತ್ರದ ಒಂದು ಕಾರಖಾನೆಯಲ್ಲಿ ಕತ್ತರಿ ವಿಭಾಗ ನೋಡಿಕೊಳ್ಳುವ ಹಿರಿಯರೊಬ್ಬರ ಬಳಿಗೆ ಕಳುಹಿಸಿದರು. ಎಪ್ಪತ್ತರ ಹತ್ತಿರದ ವಯಸ್ಸು, ಮನೆಮಾತು ತೆಲುಗು, ನಮ್ಮೊಡನೆ ಸೊಗಸಾದ ಕನ್ನಡ. ಒಂದರ ಮೇಲೊಂದು ಹಾಸಿದ ನೂರು ಪದರ ಬಟ್ಟೆಯನ್ನು ಒಮ್ಮೆಗೇ ಕೊಯ್ಯುವ ಕೆಲಸ ಅವರದು. ‘ಒಂದು ಗುರುತು ತಪ್ಪಿದರೆ ನೂರು ಮಕ್ಕಳ ಅಂಗಿ ತಪ್ಪುತ್ತದೆ’ ಎಂದರು.

ಅವರು ಮೊದಲು ಕೇಳಿದ್ದು, ‘ಚೌಕ ಯಾವುದರಿಂದ ಅಳೆದಿರಿ, ಅಂಚು ಯಾವುದರಿಂದ ಅಳೆದಿರಿ?’ ಟೇಪಿನಿಂದ ಒಂದು, ಕೋಲಿನಿಂದ ಒಂದು ಎಂದೆವು. ‘ಎರಡು ಅಳತೆ ಒಂದು ಕೌದಿಗೆ ಸೇರಿದರೆ ಜಗಳ ಆಗಲೇಬೇಕು’ ಎಂದು ನಮ್ಮ ಟೇಪನ್ನು ತಮ್ಮ ಮೇಜಿನ ಉಕ್ಕಿನ ಪಟ್ಟಿಯ ಮಗ್ಗುಲಿಗೆ ಹಾಸಿದರು. 150 ಸೆಂಟಿಮೀಟರಿನ ಟೇಪು ಉಕ್ಕಿನ ಪಟ್ಟಿಯ 151ರ ಗೆರೆ ಮುಟ್ಟಿತ್ತು. ವರ್ಷಗಟ್ಟಲೆ ಎಳೆದು, ಸುತ್ತಿ, ಬಿಸಿಲಿನ ಕಿಟಕಿಯಲ್ಲಿ ತೂಗುಹಾಕಿದ ಟೇಪು ಹಿಗ್ಗಿಹೋಗಿತ್ತು.

ಆಮೇಲೆ ಅವರು ಲೆಕ್ಕ ಮಾಡಿ ತೋರಿಸಿದರು. ಹೊಲಿದ ಮೇಲೆ ನಾಲ್ಕು ಇಂಚು ಉಳಿಯಬೇಕಾದರೆ ಪ್ರತಿ ಬದಿಗೆ ಕಾಲು ಇಂಚು ಹೊಲಿಗೆಗೆ ಬಿಟ್ಟು ನಾಲ್ಕೂವರೆ ಇಂಚಿಗೆ ಕತ್ತರಿಸಬೇಕು. ಇಂಚೆಂದರೆ 25.4 ಮಿಲಿಮೀಟರು. ನಾಲ್ಕೂವರೆ ಇಂಚು ನೂರಾ ಹದಿನಾಲ್ಕು ಮಿಲಿಮೀಟರಿಗೆ ತುಸು ಹೆಚ್ಚು. ನೂರೈವತ್ತಕ್ಕೆ ಒಂದರಂತೆ ಹಿಗ್ಗಿದ ಟೇಪಿನಿಂದ ಅಳೆದರೆ ಒಂದು ಚೌಕಕ್ಕೆ ಮುಕ್ಕಾಲು ಮಿಲಿಮೀಟರು ಹೆಚ್ಚಳ. ಕಣ್ಣಿಗೆ ಕಾಣದು, ಕೈಗೆ ತಿಳಿಯದು. ಆದರೆ ಹದಿನಾರು ಚೌಕ ಸೇರಿದರೆ 12 ಮಿಲಿಮೀಟರು. ಸಣ್ಣ ತಪ್ಪು ಒಂದು ತುಂಡಿನಲ್ಲಿ ಅಡಗಿ ಕೂತಿರುತ್ತದೆ, ಸಾಲು ಕೂಡಿದಾಗ ಎದ್ದು ನಿಲ್ಲುತ್ತದೆ.

ನಮಗೆ ಸಮಾಧಾನವಾಯಿತು. ತಪ್ಪು ಟೇಪಿನದು, ನಮ್ಮ ಕೈಯದಲ್ಲ. ಹಿರಿಯರು ಮಾತ್ರ ಪೆನ್ಸಿಲು ಕೆಳಗಿಡಲಿಲ್ಲ. ‘ಅಂತರ 16 ಅಂದಿರಿ. ಟೇಪಿನ ಲೆಕ್ಕ 12 ಆಯಿತು. ಉಳಿದ ನಾಲ್ಕು ಎಲ್ಲಿ ಹೋಯಿತು?’

‘ಹೊಲಿಗೆಯಲ್ಲಿ ಹೋಗಿರಬೇಕು’ ಎಂದೆವು.

ಅವರು ನಮ್ಮ ಹೊಲಿಗೆಯನ್ನು ಬೆಳಕಿಗೆ ಹಿಡಿದು ಪಟ್ಟಿಯಿಟ್ಟು ನೋಡಿದರು. ‘ಹೊಲಿಗೆ ಸರಿಯಾಗಿದೆ. ಕೋಲು ನೋಡಿಕೊಳ್ಳಿ’ ಎಂದರು. ಹೆಚ್ಚು ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ.

ಪಟ್ಟಿಯ ಆಯ್ಕೆ

ಕೌದಿಗೆ ಎಂಥ ಅಳತೆಪಟ್ಟಿ ಕೊಳ್ಳಬೇಕೆಂಬುದನ್ನು ಅವರಿಂದ ಕೇಳಿ, ಅಂಗಡಿಗಳಲ್ಲಿ ನೋಡಿ, ಮನೆಗೆ ಬಂದು ಬಳಸಿ ತಿಳಿದುಕೊಂಡದ್ದನ್ನು ನಮ್ಮ ಸೋದರಿಯರಿಗಾಗಿ ಇಲ್ಲಿ ಬರೆಯುತ್ತೇವೆ.

ಟೇಪು ಮೈ ಅಳೆಯಲು, ಬಾಗಿದ್ದನ್ನು ಅಳೆಯಲು. ಬಟ್ಟೆ ಕತ್ತರಿಸಲು ನೆಟ್ಟನೆಯ ಪಟ್ಟಿಯೇ ಬೇಕು. ಶಾಲೆಯ ಮರದ ಪಟ್ಟಿ ಮಳೆಗಾಲದಲ್ಲಿ ಬಾಗುತ್ತದೆ, ತುದಿ ಸವೆಯುತ್ತದೆ. ಅದನ್ನೇ ಬಳಸಬೇಕಾಗಿ ಬಂದರೆ ಸೊನ್ನೆಯಿಂದ ಅಳೆಯದೆ ಒಂದರ ಗೆರೆಯಿಂದ ಅಳೆದು, ಕೊನೆಗೆ ಒಂದನ್ನು ಕಳೆಯಬೇಕು. ಉಕ್ಕಿನ ಪಟ್ಟಿ ಸವೆಯದು, ಬಾಗದು. ಆದರೆ ಅದರ ಕೆಳಗಿನ ಬಟ್ಟೆ ಕಾಣದು. ಹೂವಿನ ಬುಟ್ಟಾ ಚೌಕದ ನಡುವೆ ಬರಬೇಕೆಂದರೆ ಕಾಣಲೇಬೇಕಲ್ಲ? ಅದಕ್ಕಾಗಿ ಪಾರದರ್ಶಕ ಅಕ್ರಿಲಿಕ್ ಪಟ್ಟಿ. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಚಕ್ರದಂತೆ ಉರುಳುವ ಬಟ್ಟೆ ಕೊಯ್ಯುವ ಚೂರಿಯನ್ನು ಹೊರತಂದಿತು. ಅದರ ಜೊತೆಗೆ ಹಿಡಿಯಲು ಇಂಥ ದಪ್ಪನೆಯ ಪಟ್ಟಿಗಳು ಬಳಕೆಗೆ ಬಂದವು. ಅದಕ್ಕೂ ಮುಂಚೆ ಎಲ್ಲ ದೇಶದ ಹೆಂಗಸರೂ ರಟ್ಟಿನ ಅಚ್ಚು ಇಟ್ಟು ಗೆರೆ ಎಳೆದು ಕತ್ತರಿಯಿಂದಲೇ ಕತ್ತರಿಸುತ್ತಿದ್ದರು. ರಟ್ಟಿನ ಅಂಚು ಪೆನ್ಸಿಲಿನ ತಿಕ್ಕಾಟಕ್ಕೆ ಸವೆದು, ಮೊದಲ ಚೌಕಕ್ಕೂ ನೂರನೆಯ ಚೌಕಕ್ಕೂ ಅಳತೆ ಬೇರೆಯಾಗುತ್ತಿತ್ತು. ಅಕ್ರಿಲಿಕ್ ಪಟ್ಟಿ ಸಿಗದ ಊರಿನಲ್ಲಿ ಹಳೆಯ ಎಕ್ಸರೇ ಫಿಲ್ಮು ತೊಳೆದು ಅಚ್ಚು ಮಾಡಿಕೊಂಡರೆ ರಟ್ಟಿಗಿಂತ ವಾಸಿ.

ಒಂದೇ ಪಟ್ಟಿ ಕೊಳ್ಳುವುದಾದರೆ ಆರು ಇಂಚು ಅಗಲ, 24 ಇಂಚು ಉದ್ದದ್ದನ್ನು ಕೊಳ್ಳಿ. ಮಡಿಸಿದ ಬಟ್ಟೆಯ ಪೂರ್ತಿ ಅಗಲಕ್ಕೆ ಅದು ಮುಟ್ಟುತ್ತದೆ. ಎರಡನೆಯದು ಬೇಕೆನಿಸಿದರೆ ಆರೂವರೆ ಇಂಚಿನ ಚೌಕಪಟ್ಟಿ. ಗೆರೆಗಳು ಸಣ್ಣಗಿರಲಿ. ದಪ್ಪ ಗೆರೆಯಾದರೆ ಗೆರೆಯ ಈಚೆಗೋ ಆಚೆಗೋ ಎಂಬ ಅನುಮಾನದಲ್ಲಿಯೇ ಅರ್ಧ ನೂಲು ಹೋಗುತ್ತದೆ. ಇಂಚಿಗೆ ಎಂಟು ನೂಲು ಸರಿಯಾಗಿ ಗುರುತಾಗಿರಲಿ. ತ್ರಿಕೋನ ಹೊಲಿಯುವವರಿಗೆ ಇದು ಮುಖ್ಯ. ಚೌಕವನ್ನು ಮೂಲೆಯಿಂದ ಮೂಲೆಗೆ ಕೊಯ್ದು ಎರಡು ತ್ರಿಕೋನ ಮಾಡುವಾಗ, ಹೊಲಿದ ಮೇಲೆ ಬೇಕಾದ ಅಳತೆಗೆ ಏಳು ನೂಲು ಕೂಡಿಸಿ ಆ ಚೌಕವನ್ನು ಕತ್ತರಿಸಬೇಕು. 45 ಅಂಶದ ಓರೆಗೆರೆಯೂ ಪಟ್ಟಿಯ ಮೇಲಿರಲಿ.

ಅಂಗಡಿಯಲ್ಲೇ ಮೂಲೆ ಪರೀಕ್ಷಿಸಿ. ಕಾಗದದ ಮೇಲೆ ಒಂದು ನೆಟ್ಟನೆಯ ಗೆರೆ ಎಳೆದು, ಅದಕ್ಕೆ ಪಟ್ಟಿಯ ಉದ್ದ ಅಂಚು ಹೊಂದಿಸಿ ಗಿಡ್ಡ ಅಂಚಿನಿಂದ ಒಂದು ನಿಲುಗೆರೆ ಎಳೆಯಿರಿ. ಪಟ್ಟಿಯನ್ನು ಮಗುಚಿ, ಅದೇ ಬಿಂದುವಿನಲ್ಲಿ ಮತ್ತೆ ಎಳೆಯಿರಿ. ಎರಡು ನಿಲುಗೆರೆಗಳು ಒಂದೇ ಆದರೆ ಮೂಲೆ ಸರಿಯಿದೆ. ಕವಲೊಡೆದರೆ ಆ ಪಟ್ಟಿ ಬೇಡ.

ಬಟ್ಟೆಯನ್ನು ಮೊದಲು ಒಗೆದು ಇಸ್ತ್ರಿ ಮಾಡಿ. ಹೊಸ ಹತ್ತಿ ಬಟ್ಟೆ ನೀರು ಕಂಡರೆ ಕುಗ್ಗುತ್ತದೆ. ಹಳೆಯ ಸೀರೆ ಕುಗ್ಗುವುದನ್ನೆಲ್ಲ ಕುಗ್ಗಿ ಮುಗಿದಿರುತ್ತದೆ, ಆದರೆ ಜೋಲುತ್ತದೆ, ಅದಕ್ಕೆ ತೆಳುವಾದ ಗಂಜಿ ಬೇಕು. ಒಂದು ಎಳೆ ಹಿರಿದು ನೇರ ಕಂಡುಕೊಂಡು ಅಲ್ಲಿಂದ ಪಟ್ಟಿ ಇಡಿ. ಪಟ್ಟಿ ಜಾರದಂತೆ ಅದರ ಬೆನ್ನಿಗೆ ಉಸುಕಿನ ಕಾಗದದ ಸಣ್ಣ ಬಿಲ್ಲೆ ಅಂಟಿಸಿ. ಬೆರಳು ಅಗಲಿಸಿ ಪಟ್ಟಿಯ ನಡುವೆ ಒತ್ತಿ ಹಿಡಿದು, ಚೂರಿಯನ್ನು ಮೈಯಿಂದ ಆಚೆಗೇ ನಡೆಸಿ. ಎಲ್ಲಕ್ಕಿಂತ ಮುಖ್ಯ ಮಾತು ಒಂದಿದೆ. ಒಂದು ಕೌದಿಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಪಟ್ಟಿ ಬಳಸಿ.

ಅಂಗುಲದ ಶಾಸ್ತ್ರ ಅಚ್ಚಾದ ಊರು

ಪಟ್ಟಿ ಕೊಂಡು ಹೊರಬಂದಾಗ ನಮಗೆ ಇನ್ನೊಂದು ಸಂಗತಿ ನೆನಪಾಯಿತು. ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರ ದಾನದಿಂದ ನಡೆದ ಜೀವರಾಜ ಜೈನ ಗ್ರಂಥಮಾಲೆ ಇದೇ ಸೊಲ್ಲಾಪುರದ್ದು. ಅದರ ಮೊದಲ ಗ್ರಂಥ ಯತಿವೃಷಭಾಚಾರ್ಯರ ‘ತಿಲೋಯಪಣ್ಣತ್ತಿ’. ಮೊದಲ ಭಾಗ 1943ರಲ್ಲಿ, ಎರಡನೆಯದು 1951ರಲ್ಲಿ ಪ್ರಕಟವಾಯಿತು. ಸಂಪಾದಿಸಿದವರು ಡಾ. ಹೀರಾಲಾಲ್ ಜೈನರು ಮತ್ತು ನಮ್ಮ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು.

ಮೂರು ಲೋಕಗಳ ವಿಸ್ತಾರ ಹೇಳುವ ಆ ಗ್ರಂಥ ಅಳತೆಯ ಮಾತಿನಿಂದಲೇ ಆರಂಭವಾಗುತ್ತದೆ ಎಂದರೂ ಸಲ್ಲುತ್ತದೆ. ಆರು ಅಂಗುಲಕ್ಕೆ ಒಂದು ಪಾದ, ಎರಡು ಪಾದಕ್ಕೆ ಒಂದು ವಿತಸ್ತಿ, ಎರಡು ವಿತಸ್ತಿಗೆ ಒಂದು ಹಸ್ತ. ನಮ್ಮ ಮಾತಿನ ಗೇಣು, ಮೊಳ ಇವೇ. ಅಂಗುಲಗಳಲ್ಲಿಯೂ ಮೂರು ಬಗೆ. ಜೀವಿಗಳ ಶರೀರದ ಎತ್ತರಕ್ಕೆ ಉತ್ಸೇಧಾಂಗುಲ. ದ್ವೀಪ, ಸಮುದ್ರ, ಪರ್ವತಗಳಿಗೆ ಅದರ 500 ಪಟ್ಟು ದೊಡ್ಡದಾದ ಪ್ರಮಾಣಾಂಗುಲ. ಆಯಾ ಕಾಲದ ಮನುಷ್ಯರ ಬೆರಳಿನಿಂದಾದ ಆತ್ಮಾಂಗುಲವು ಕಲಶ, ಕನ್ನಡಿ, ಆಸನ, ಮನೆಗಳಂಥ ಬಳಕೆಯ ವಸ್ತುಗಳಿಗೆ. ಯಾವುದನ್ನು ಯಾವುದರಿಂದ ಅಳೆಯಬೇಕೆಂದು ಗೊತ್ತುಮಾಡಿಕೊಂಡೇ ಲೆಕ್ಕಕ್ಕೆ ಕೈಹಾಕಬೇಕು. ಕತ್ತರಿಯ ಮೇಜಿನ ಹಿರಿಯರು ಹೇಳಿದ್ದೂ ಅದನ್ನೇ ಅಲ್ಲವೆ?

ನಮ್ಮ ಅಡುಗೆಮನೆಯಲ್ಲಿಯೂ ಒಂದು ಅಳತೆಯ ಬಟ್ಟೆ ಇದೆ. ನೀರು ಸೋಸುವ ಅರಿವೆಗೆ ಹಿರಿಯರು 36 ಅಂಗುಲ ಉದ್ದ, 24 ಅಂಗುಲ ಅಗಲ ಹೇಳಿ, ಅದನ್ನು ಎರಡು ಪದರ ಮಾಡಿ ಸೋಸಬೇಕೆಂದಿದ್ದಾರೆ. ಒಂದೂವರೆ ಮೊಳಕ್ಕೆ ಒಂದು ಮೊಳ. ಅವ್ವ ಅದನ್ನು ಅಂದಾಜಿನಿಂದ ಹರಿಯುತ್ತಿರಲಿಲ್ಲ. ಮೊಣಕೈ ಊರಿ ಅಳೆದೇ ಹರಿಯುತ್ತಿದ್ದಳು. ‘ಅರಿವೆ ಕಿರಿದಾದರೆ ಕೊಡದ ಬಾಯಿ ಮುಚ್ಚೂದಿಲ್ಲ, ಸೋಸಿದ್ದೂ ಸುಳ್ಳ ಆಗತೈತಿ’ ಎನ್ನುತ್ತಿದ್ದಳು.

ಅಕ್ಕಲಕೋಟೆಯ ದಾರದ ಗಂಟು

ಮಧ್ಯಾಹ್ನ ಅಕ್ಕಲಕೋಟೆಯ ಬಸ್ಸು ಹತ್ತಿದೆವು. ಸುಮಾರು ನಾಲ್ವತ್ತು ಕಿಲೋಮೀಟರು. ದಾರಿಯ ಎರಡೂ ಕಡೆ ಜೋಳ, ತೊಗರಿಯ ಹೊಲಗಳು, ಕಪ್ಪು ಮಣ್ಣು. ಹಿಂದೆ ಭೋಸಲೆ ಮನೆತನದ ಸಂಸ್ಥಾನವಾಗಿದ್ದ ಊರು ಇದು. ಅರಮನೆಯ ಶಸ್ತ್ರಾಗಾರ ಹೆಸರಾದದ್ದು. 1878ರಲ್ಲಿ ದೇಹವಿಟ್ಟ ಸ್ವಾಮಿ ಸಮರ್ಥರ ವಟವೃಕ್ಷದ ಮಂದಿರಕ್ಕೆ ದಿನವೂ ಸಾವಿರಾರು ಜನ ಬರುತ್ತಾರೆ. ಅನ್ನಛತ್ರದಲ್ಲಿ ಬಂದವರಿಗೆಲ್ಲ ಊಟ. ಪೇಟೆಯಲ್ಲಿ ಫಲಕಗಳು ಮರಾಠಿಯಲ್ಲಿದ್ದರೂ ಕೈಗಾಡಿಯವರ ಕೂಗು ಅರ್ಧಕ್ಕರ್ಧ ಕನ್ನಡ.

ಚಾಟಿ ಗಲ್ಲಿಯವರು ಕೊಟ್ಟ ಗುರುತು ಹಿಡಿದು, ಊರ ಹೊರಗಿನ ಓಣಿಯೊಂದರಲ್ಲಿ ಕೌದಿ ಹೊಲಿಯುವ ಅಜ್ಜಿಯ ಮನೆಗೆ ಹೋದೆವು. ಅಲ್ಲಿಯ ಮರಾಠಿಯಲ್ಲಿ ಕೌದಿಗೆ ‘ವಾಕಳ’ ಎನ್ನುತ್ತಾರೆ. ಅಜ್ಜಿ ಎರಡೂ ಹೆಸರು ಹೇಳುತ್ತಾಳೆ. ಕಟ್ಟೆಯ ಮೇಲೆ ಹಳೆಯ ಸೀರೆ ಹಾಸಿ, ಮೇಲೆ ಸಮವಸ್ತ್ರದ ನೀಲಿ, ಬೂದು, ಕಂದು ಚಿಂದಿಗಳನ್ನು ಜೋಡಿಸಿ, ಅಂಚಿನಿಂದ ಸುತ್ತಿಕೊಂಡು ನಡುವಿನ ಕಡೆಗೆ ಹೊಲಿಯುತ್ತಿದ್ದಳು. ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರ, ಎಲ್ಲಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಪಟ್ಟಿಯಿಲ್ಲ, ಟೇಪಿಲ್ಲ. ಕೊರಳಿಗೆ ಒಂದು ದಾರ, ದಾರಕ್ಕೆ ಮೂರು ಗಂಟು. ಅಗಲ, ಉದ್ದ, ಅಂಚು.

ನಾವು ಹೊಸ ಪಟ್ಟಿಯನ್ನು ತೋರಿಸಿದೆವು. ಅಜ್ಜಿ ಅದನ್ನು ಮುಖದ ಮುಂದೆ ಹಿಡಿದು ಆಚೆ ನೋಡಿ ನಕ್ಕಳು. ‘ನಿಮ್ಮದು ಅಂಚಿಗಂಚು ಕೂಡಸೂ ಕೆಲಸ. ನಂದು ಮ್ಯಾಲ ಮ್ಯಾಲ ಹಚ್ಚೂ ಕೆಲಸ. ತುಂಡು ತುಸು ದೊಡ್ಡದಾದರ ಒಳಗ ಮಡಚತೀನಿ, ಸಣ್ಣದಾದರ ಬಾಜೂದರ ಕೆಳಗ ಸರಸತೀನಿ. ಹಾಸಿದ ಸೀರಿ ಎಲ್ಲಾ ತಪ್ಪ ಹೊಟ್ಟ್ಯಾಗ ಹಾಕ್ಕೋತೈತಿ. ನಿಮಗ ಹಂಗ ನಡಿಯಾಂಗಿಲ್ಲ.’

ಎಷ್ಟು ಸರಿಯಾದ ಮಾತು! ನಮ್ಮ ಸೀಮೆಯ ಹೆಂಗಸರು ಪಟ್ಟಿಯಿಲ್ಲದೆ ಕೌದಿ ಹೊಲಿದದ್ದು ಅಳತೆ ಗೊತ್ತಿಲ್ಲದೆ ಅಲ್ಲ. ಅವರು ಹೊಲಿದ ರೀತಿಗೆ ಅದರ ಅಗತ್ಯವಿರಲಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಯೂ ಹೀಗೆ ಮೇಲೆ ಹಚ್ಚಿದ್ದೇ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ‘ಫುಲ’ ಇಡದಿದ್ದರೆ ಕೌದಿ ಮುಗಿಯಿತೆಂದು ಅವರು ಒಪ್ಪುವುದಿಲ್ಲ. ಅಂಚಿಗಂಚು ಕೂಡಿಸುವ ಕೆಲಸದಲ್ಲಿ ತಪ್ಪನ್ನು ಮುಚ್ಚಲು ಕೆಳಗೆ ಏನೂ ಇರುವುದಿಲ್ಲ.

ಹೊರಡುವಾಗ ಕೇಳಿದೆವು, ‘ಅಜ್ಜಿ, ಈ ದಾರ ಎಷ್ಟು ವರ್ಷದ್ದು?’

‘ದಾರ ಹಿಗ್ಗತೈತಿ, ಗಂಟು ಸರಿತಾವು. ದೀಪಾವಳಿಗೊಮ್ಮಿ ಹೊಸಾದು ಮಾಡತೀನಿ’ ಎಂದಳು. ‘ಅಳತಿ ಮ್ಯಾಲ ಮಾಯಾ ಇಡಬಾರದವ್ವಾ.’

ಹೊತ್ತು ಮುಳುಗುವ ಮುಂಚೆ ಉಳಿದ ಬುತ್ತಿ ಉಂಡು ಸೊಲ್ಲಾಪುರದ ಮಾರ್ಗವಾಗಿಯೇ ಹಿಂದಿರುಗಿದೆವು. ದಾರಿಯುದ್ದಕ್ಕೂ ನಮ್ಮಿಬ್ಬರ ನಡುವೆ ಕೌದಿಯ ಮಾತು ಬರಲಿಲ್ಲ.

ಅಪ್ಪನ ಕೋಲು

ಮರುದಿನ ಬಾಗಿಲು ತೆಗೆಯುವ ಮುಂಚೆ ಅಂಗಡಿಗೆ ಹೋದೆವು. ನಮ್ಮ ಅಂಗಡಿಯಲ್ಲಿ ಎರಡು ಕೋಲುಗಳಿವೆ. ಒಂದು ಸರಕಾರದ ಮುದ್ರೆಯ ಕಬ್ಬಿಣದ್ದು. ಅದು ಗೋಡೆಯ ಮೊಳೆಗೆ ತೂಗುಬಿದ್ದಿರುತ್ತದೆ, ತಪಾಸಣೆಯವರು ಬಂದಾಗ ಕೆಳಗಿಳಿಯುತ್ತದೆ. ಇನ್ನೊಂದು ಅಪ್ಪನ ಕಾಲದ ತೇಗದ ಮರದ ಮೀಟರು. 1956ರ ಕಾಯ್ದೆಯಂತೆ ಗಜ ಹೋಗಿ ಮೀಟರು ಬಳಕೆಗೆ ಬಂದ ಹೊಸದರಲ್ಲಿ ಅವರು ಮಾಡಿಸಿದ್ದು. ಎರಡೂ ತುದಿಗೆ ಹಿತ್ತಾಳೆಯ ಟೊಪ್ಪಿಗೆ. ಕೈಗೆ ಹಗುರ, ಅರಿವೆಯ ಮೇಲೆ ಸರ್ರನೆ ಸರಿಯುತ್ತದೆ. ದಿನದ ವ್ಯಾಪಾರವೆಲ್ಲ ಅದರಿಂದಲೇ.

ಎರಡನ್ನೂ ಮಗ್ಗುಲಿಗೆ ಮಗ್ಗುಲು ಇಟ್ಟು, ಸೊಲ್ಲಾಪುರದ ಪಟ್ಟಿಯಿಂದ ನೋಡಿದೆವು. ಅಪ್ಪನ ಕೋಲಿನ ಒಂದು ತುದಿಯ ಟೊಪ್ಪಿಗೆ ಯಾವಾಗಲೋ ಬಿದ್ದುಹೋಗಿತ್ತು. ಅದರ ಕೆಳಗಿನ ಮರವೂ ದುಂಡಗೆ ಸವೆದಿತ್ತು. ಕೋಲು 4 ಮಿಲಿಮೀಟರು ಗಿಡ್ಡ. ಹಿರಿಯರು ಕೇಳಿದ ನಾಲ್ಕು ಸಿಕ್ಕಿತು.

ಮೀಟರಿಗೆ ನಾಲ್ಕು ಮಿಲಿಮೀಟರು ಎಂದರೆ 250 ಮೀಟರಿಗೆ ಒಂದು ಮೀಟರು. ಒಂದು ಅಂಗಿಯ ಬಟ್ಟೆ ಕೊಂಡವರಿಗೆ ತಿಳಿಯುವುದೇ ಇಲ್ಲ. ಆದರೆ ವರ್ಷಕ್ಕೆ ಎಷ್ಟು ಥಾನು ನಮ್ಮ ಕೈಯಿಂದ ದಾಟಿದವು? ಟೊಪ್ಪಿಗೆ ಬಿದ್ದು ಎಷ್ಟು ವರ್ಷವಾಯಿತು? ಲೆಕ್ಕ ಹಾಕಲು ಕುಳಿತು, ಹಾಕಲಾರದೆ ಎದ್ದೆವು.

ಮನೆಯ ಹಿರಿಯರೊಬ್ಬರು ಸಮಾಧಾನ ಹೇಳಿದರು. ‘ಬೇಕಂತ ಮಾಡಿದ್ದಲ್ಲ. ನಾಲ್ಕು ಮಿಲಿಮೀಟರು ಯಾರು ನೋಡ್ತಾರ? ಎಳೆದು ಅಳೆದರೂ ಅಷ್ಟು ಆಚೆ ಈಚೆ ಆಗತೈತಿ.’ ಆ ಮಾತು ಮನಸ್ಸಿಗೆ ಹಿಡಿಸಲಿಲ್ಲ. ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ನಾವೆಲ್ಲ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವರು. ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವ ಹೀನಾಧಿಕ ಮಾನೋನ್ಮಾನ ಅವುಗಳಲ್ಲಿ ಒಂದು. ಪಾಠ ಒಪ್ಪಿಸುವಾಗ ಅದು ಯಾರೋ ಮೋಸದ ವ್ಯಾಪಾರಿಯ ಕಥೆ ಎಂದು ತಿಳಿದಿದ್ದೆವು. ಮೋಸ ಮಾಡುವ ಮನಸ್ಸು ನಮಗಿರಲಿಲ್ಲ, ನಿಜ. ಆದರೆ ಸರಿಯಾದ ಕೋಲು ಮೊಳೆಯ ಮೇಲಿತ್ತು, ಅದನ್ನು ಇಳಿಸಿ ಒಮ್ಮೆ ಹೋಲಿಸಿ ನೋಡುವಷ್ಟು ಎಚ್ಚರವೂ ನಮಗಿರಲಿಲ್ಲ. ಅದಕ್ಕೆ ಪ್ರಮಾದ ಎಂಬ ಹೆಸರಿದೆ. ಅಪ್ಪನ ನೆನಪು ಎಂಬ ಪ್ರೀತಿಯೇ ಕಣ್ಣಿಗೆ ಅಡ್ಡ ಬಂದಿತ್ತು. ‘ಅಳತಿ ಮ್ಯಾಲ ಮಾಯಾ ಇಡಬಾರದು’ ಎಂದ ಅಜ್ಜಿಗೆ ನಮ್ಮ ಅಂಗಡಿಯ ವಿಷಯ ಗೊತ್ತಿರಲಿಲ್ಲ.

ಏನು ಮಾಡಿದೆವೆಂದು ಹೇಳಿ ಮುಗಿಸುತ್ತೇವೆ. ಕಾನೂನುಮಾಪನ ಇಲಾಖೆಗೆ ಹೋಗಿ ಕಬ್ಬಿಣದ ಕೋಲನ್ನು ಮತ್ತೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಿ ತಂದೆವು. 2009ರ ಕಾಯ್ದೆ 2011ರ ಏಪ್ರಿಲಿನಿಂದ ಜಾರಿಯಲ್ಲಿದೆ. ವ್ಯಾಪಾರದ ಪ್ರತಿಯೊಂದು ಅಳತೆಯನ್ನೂ ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಹಾಕಿಸಬೇಕು. ಮುದ್ರೆಯ ಕೋಲು ಗೋಡೆಗಲ್ಲ, ಕೈಗೆ ಎಂದು ಕೆಲಸದ ಹುಡುಗರಿಗೂ ಹೇಳಿದೆವು. ಅಪ್ಪನ ಕೋಲನ್ನು ಮನೆಗೆ ತಂದು ನೆನಪಿಗೆ ಇಟ್ಟುಕೊಳ್ಳೋಣವೆಂದು ಮೊದಲು ಅನ್ನಿಸಿತು. ಮುಂದೆ ಯಾರ ಕೈಗೋ ಸಿಕ್ಕು ಮತ್ತೆ ಅಂಗಡಿ ಸೇರಬಾರದೆಂದು ನಡುವೆ ಗರಗಸ ಹಾಕಿ ಎರಡು ತುಂಡು ಮಾಡಿದೆವು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಆದರೆ ಅಪ್ಪ ಇದ್ದಿದ್ದರೆ ಗರಗಸ ಅವರೇ ಹಿಡಿಯುತ್ತಿದ್ದರು ಎಂದು ನಮಗಿಬ್ಬರಿಗೂ ಅನ್ನಿಸಿತು.

ಯಾರಿಗೆ ಎಷ್ಟು ಕಡಿಮೆ ಹೋಯಿತೆಂದು ತಿಳಿಯುವಂತಿಲ್ಲ, ಮರಳಿ ಕೊಡುವಂತೆಯೂ ಇಲ್ಲ. ಆದ್ದರಿಂದ ಪ್ರತಿ ತುಂಡಿಗೂ ನಾಲ್ಕು ಬೆರಳು ಹೆಚ್ಚು ಬಿಟ್ಟು ಹರಿಯುವುದೆಂದು ನಿಯಮ ಮಾಡಿಕೊಂಡಿದ್ದೇವೆ. ಪ್ರತಿ ಜೂನಿನಲ್ಲಿ ಊರ ಶಾಲೆಯ ಬಡ ಮಕ್ಕಳಿಗೆ ಸಮವಸ್ತ್ರದ ಬಟ್ಟೆಯನ್ನು, ದಾನವೆಂದು ಕರೆಯದೆ, ಸಾಲ ತೀರಿಸುವ ಲೆಕ್ಕದಲ್ಲಿ ಬರೆದು ಕೊಡುತ್ತಿದ್ದೇವೆ.

ಕೌದಿ ಮುಗಿಯಿತು. ಚೌಕಗಳನ್ನೆಲ್ಲ ಒಂದೇ ಪಟ್ಟಿಯಿಂದ ಮತ್ತೆ ಅಳೆದು ಅಂಚು ಸವರಿದೆವು. ದೊಡ್ಡದಾಗಿದ್ದುವಾದ್ದರಿಂದ ಸವರಲು ಬಂತು, ಅವ್ವನ ಸೀರೆ ಹಾಳಾಗಲಿಲ್ಲ. ಕೆಂಪು ಅಂಚುಪಟ್ಟಿ ಮಾತ್ರ ಹೊಸದಾಗಿ ಹರಿಯಬೇಕಾಯಿತು. ಹದಿನಾರು ಚೌಕ ಕೂಡಿ ಅಂಚಿಗೆ ಸರಿಯಾಗಿ ಬಂದು ಕೂತವು. ಈಗ ಅದರ ಮೇಲೆ ಮೊಮ್ಮಗಳು ಬೋರಲು ಬೀಳಲು ಕಲಿಯುತ್ತಿದ್ದಾಳೆ.

ಬಂಧುಗಳೇ, ನಾಳೆ ಅಂಗಡಿ ತೆರೆದಾಗ ಒಮ್ಮೆ ನಿಮ್ಮ ಕೋಲಿನ ಎರಡೂ ತುದಿಗಳನ್ನು ಬೆರಳಿನಿಂದ ಮುಟ್ಟಿ ನೋಡಿ.